ಉಣ್ಣುವ ಮುಂಚಿನ ಮಾತು

ಮೊನ್ನೆ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಇಡ್ಲಿ ವಡೆ ಹೇಳಿ ಕೂತಿದ್ದೆ. ತಟ್ಟೆ ಮುಂದೆ ಬಂದರೆ ಸಾಕು, ನನ್ನ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ನಾನೇನೂ ಮಾಡುವಂತಿಲ್ಲ. ಕಣ್ಣು ಬಿಟ್ಟರೆ ಎದುರಿಗೆ ಕೂತಿದ್ದ ಸಾಬರೊಬ್ಬರು ತಮ್ಮ ಟೀ ಪಕ್ಕಕ್ಕಿಟ್ಟು, ನೀರಿನ ಲೋಟವನ್ನು ನನ್ನ ಕಡೆ ತಳ್ಳುತ್ತಿದ್ದರು.

"ಏನ್ ಸಾರ್, ತಲೆ ಸುತ್ತಾ? ಶುಗರ್ ಡೌನ್ ಆಯ್ತಾ?"

"ಇಲ್ಲ ಸಾಬ್, ಪ್ರಾರ್ಥನೆ ಮಾಡ್ದೆ. ನಾವು ಕ್ರಿಶ್ಚಿಯನ್ನರು, ಊಟಕ್ಕೆ ಮುಂಚೆ ಒಂದು ಮಾತು ಹೇಳ್ತೀವಿ."

"ಓಹೋ," ಎಂದು ಅವರು ನಕ್ಕರು. "ನಾವೂ ಬಿಸ್ಮಿಲ್ಲಾ ಅಂತೀವಿ ಸಾರ್. ಆದ್ರೆ ಕಣ್ಣು ಮುಚ್ಚಲ್ಲ. ವಡೆ ಮೇಲೆ ಒಂದ್ ಕಣ್ಣು ಇಟ್ಟೇ ಇರ್ತೀವಿ."

ನಾನೂ ನಕ್ಕೆ. ನಗುತ್ತಲೇ ವಡೆ ಮುರಿದು, ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟೆ. ಇಂಥದೇ ಮಾತನ್ನು ಇದೇ ಧಾಟಿಯಲ್ಲಿ ನನಗೆ ಜೀವಮಾನವೆಲ್ಲ ಹೇಳುತ್ತಿದ್ದವನು ಒಬ್ಬನಿದ್ದ. ಮುನಿರಾಜ. ಅವನು ಹೋಗಿ ವರ್ಷದ ಮೇಲಾಯಿತು. ಗುರುತಿಲ್ಲದವರು ಅವನ ಹಾಗೆ ಮಾತಾಡಿದರೆ ಈಗಲೂ ಒಂದು ಸಲ ಅವರ ಮುಖ ನೋಡುತ್ತೇನೆ. ಸಾಬರು ಪಾಪ, ನನ್ನ ಕಣ್ಣಲ್ಲಿ ನೀರು ಕಂಡು ಚಟ್ನಿ ಖಾರ ಇರಬೇಕೆಂದುಕೊಂಡು ಇನ್ನೊಂದು ಲೋಟ ನೀರು ತರಿಸಿದರು.

ಇಷ್ಟು ಹೇಳಿದ ಮೇಲೆ ನಾನು ಯಾರೆಂದು ಹೇಳದಿದ್ದರೆ ಸರಿಯಾಗುವುದಿಲ್ಲ. ಹೆಸರು ಸಮುವೇಲ. ಮುನಿರಾಜನ ಬಾಯಲ್ಲಿ ಸಾಮು. ಕರೆಂಟ್ ಆಫೀಸಿನಲ್ಲಿ ಮೀಟರ್ ಓದುವ ಕೆಲಸ ಮಾಡಿ ರಿಟೈರಾದವನು. ಈ ಊರಿನ ಮಗ್ಗದ ಬೀದಿಗಳಲ್ಲೆಲ್ಲ ನಡೆದು ನನ್ನ ಚಪ್ಪಲಿಗಳು ಸವೆದಿವೆ. ಮೀಟರುಗಳನ್ನು ಕೂರಿಸುವ ಪುಣ್ಯಾತ್ಮರು ಅವನ್ನು ಅಡುಗೆಮನೆ ಕಿಟಕಿಯ ಪಕ್ಕದಲ್ಲೇ ಯಾಕೆ ಕೂರಿಸುತ್ತಾರೋ ಕಾಣೆ. ಟಾರ್ಚು ಹಿಡಿದು ಅಂಕಿ ನೋಡುವಾಗ ಮೂಗಿಗೆ ಬೇರೆಯೇ ಲೆಕ್ಕ ಬರುತ್ತಿತ್ತು. ಈ ಮನೆಯಲ್ಲಿ ಹುರುಳಿಕಟ್ಟು ಕುದಿಯುತ್ತಿದೆ, ಆ ಮನೆಯಲ್ಲಿ ಅವರೆಕಾಳು ಹಿತುಕಿದ್ದಾರೆ, ಮೂಲೆಮನೆಯವರು ಇವತ್ತೂ ಪಲ್ಯ ಸೀಸಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆ ಮಗ್ಗಕ್ಕಿಂತ ಜೋರಾಗಿ ಸದ್ದು ಮಾಡುತ್ತಿತ್ತು. ದೇವರಿಗೆ ನಾನು ಹೇಳಿರುವ ಸ್ತೋತ್ರಗಳನ್ನು ತೂಕ ಹಾಕಿದರೆ ಮುಕ್ಕಾಲು ಪಾಲು ಊಟದ ಮುಂದೆ ಹೇಳಿದವೇ. ಅಷ್ಟರಮಟ್ಟಿಗೆ ಭಕ್ತ ನಾನು.

ಆದರೆ ಪ್ರಾರ್ಥನೆ ಎಂದರೆ ನಮ್ಮಪ್ಪನದು. ಅಪ್ಪ ಹಳ್ಳಿಯ ಸಭೆಗೆ ಉಪದೇಶಿಯಾಗಿದ್ದರು. ಅಯ್ಯನವರು, ಅಂದರೆ ಪಾದ್ರಿಗಳು, ತಿಂಗಳಿಗೊಮ್ಮೆ ಬಂದು ಹೋದರೆ ಉಳಿದ ಭಾನುವಾರಗಳನ್ನೆಲ್ಲ ಅಪ್ಪನೇ ನಡೆಸಬೇಕು. ಆ ರೂಢಿ ಮನೆಗೂ ಬಂದಿತ್ತು. ಬಿಸಿ ಮುದ್ದೆ ಮುಂದಿಟ್ಟು ಕಣ್ಣು ಮುಚ್ಚಿದರೆಂದರೆ ಮಳೆ ಬೆಳೆ, ಸರ್ಕಾರ, ಕಾಯಿಲೆಯವರು, ಪ್ರಯಾಣದಲ್ಲಿರುವವರು, ಎಲ್ಲರ ಹತ್ತಿರವೂ ಹೋಗಿ ಬರುತ್ತಿದ್ದರು. ನಾನು ಒಂದು ಕಣ್ಣು ತೆರೆದು ನೋಡಿದರೆ ಅಮ್ಮನೂ ಒಂದು ಕಣ್ಣು ತೆರೆದು ಸಾರು ಆರುತ್ತಿರುವುದನ್ನು ನೋಡುತ್ತಿರುತ್ತಿದ್ದಳು. ನಾವಿಬ್ಬರೂ ಈ ವಿಷಯವನ್ನು ಯಾರಿಗೂ ಹೇಳಲಿಲ್ಲ.

ಮುನಿರಾಜ ಅದೇ ಹಳ್ಳಿಯವನು. ಮಾಕಳಿದುರ್ಗದ ಬೆಟ್ಟ ಅವರ ಹಿತ್ತಿಲಿನಿಂದ ಕಾಣುತ್ತದೆ. ನಾವಿಬ್ಬರೂ ಒಂದೇ ಬೆಂಚು. ನಮ್ಮ ಮನೆಯವರು ಯಾವ ಜನ ಎಂದು ಊರಿನವರು ಅಪ್ಪನನ್ನು ಕೇಳುತ್ತಿದ್ದರು. ಅಪ್ಪ "ನಾವು ಯೇಸುವಿನ ಜನ" ಎನ್ನುತ್ತಿದ್ದರು. "ಅದ್ಸರಿ ಉಪದೇಸಿಗಳೇ, ಅದಕ್ಕೆ ಮುಂಚೆ?" ಎಂದು ಅವರು ಮತ್ತೆ ಕೇಳುತ್ತಿದ್ದರು. ಈ ಪ್ರಶ್ನೆಗೆ ಅಪ್ಪ ಸಾಯುವ ತನಕ ಉತ್ತರ ಕೊಡಲಿಲ್ಲ. ಹೀಗಾಗಿ ಮೊದಲ ಸಲ ಮುನಿರಾಜನ ಮನೆಗೆ ಹೋದಾಗ ಅವರಮ್ಮ ಪಿಳ್ಳಮ್ಮ ನನ್ನನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ, ಜಗಲಿಯ ಮೇಲೆ ಮುತ್ತುಗದೆಲೆ ಹಾಕಿ ಮುದ್ದೆ ಇಟ್ಟಳು. ಮುನಿರಾಜ ಒಳಗಿಂದ ತನ್ನ ತಟ್ಟೆ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ. ಅವನಿಗೆ ಅದೇನೂ ದೊಡ್ಡ ವಿಷಯವಾಗಿರಲಿಲ್ಲ, ಜಗಲಿಯಲ್ಲಿ ಗಾಳಿ ಚೆನ್ನಾಗಿತ್ತು.

ನಾನು ಕಣ್ಣು ಮುಚ್ಚಿ, ಅಪ್ಪನ ಹಾಗೆಯೇ ತುಟಿ ಅಲುಗಿಸತೊಡಗಿದೆ. ಪಿಳ್ಳಮ್ಮ ಹೌಹಾರಿದಳು. ಹುಡುಗನಿಗೆ ಗಾಳಿ ಮೆಟ್ಟಿದೆ, ಅನ್ನ ಕಂಡು ಕಣ್ಣು ಮೇಲೆ ಹೋಗಿದೆ ಎಂದುಕೊಂಡಳು. ನಾನು ಕಣ್ಣು ಬಿಡುವಷ್ಟರಲ್ಲಿ ಒಣಮೆಣಸಿನಕಾಯಿ ಉಪ್ಪು ತಂದು ನನ್ನ ತಲೆಗೆ ನಿವಾಳಿಸುತ್ತಿದ್ದಳು. ಅದನ್ನು ಒಲೆಗೆ ಹಾಕಿದಾಗ ಘಾಟು ಬರಲಿಲ್ಲವಂತೆ. "ನೋಡ್ದಾ, ಎಷ್ಟು ದೃಷ್ಟಿ ಆಗೈತೆ ಮಗೀಗೆ!" ಎಂದು ನನ್ನ ಹಣೆಗೆ ಒಲೆಯ ಬೂದಿ ಹಚ್ಚಿ ಮನೆಗೆ ಕಳಿಸಿದಳು. ಉಪದೇಶಿಯ ಮಗ ಹಣೆಗೆ ಬೂದಿ ಹಚ್ಚಿಕೊಂಡು ಬಂದದ್ದನ್ನು ನೋಡಿ ಅಪ್ಪನಿಗೂ ಸ್ವಲ್ಪ ತಲೆ ಸುತ್ತಿತು.

ಅಪ್ಪ ಆಮೇಲೆ ಹೋಗಿ ಪಿಳ್ಳಮ್ಮನಿಗೆ ವಿಷಯ ತಿಳಿಸಿದರು. ಅವಳು ಬಹಳ ಹೊತ್ತು ಯೋಚನೆ ಮಾಡಿ, "ಒಳ್ಳೇದೇಯಾ ಬುಡಿ. ಕೊಟ್ಟೋನ್ನ ನೆನೆಸ್ಕೊಂಡು ಉಂಡ್ರೆ ಏನ್ ತಪ್ಪು?" ಎಂದಳು. ಅಂದಿನಿಂದ ಆ ಮನೆಯಲ್ಲಿ ಒಂದು ಕಾನೂನು ಬಂತು. ಸಾಮು ಕಣ್ಣು ಬಿಡುವ ತನಕ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಮಳೆಗಾಲ ಬಂದು ಜಗಲಿ ಒದ್ದೆಯಾದಾಗ ನನ್ನ ಎಲೆ ನಡುಮನೆಗೆ ಬಂತು, ಮತ್ತೆ ಹೊರಗೆ ಹೋಗಲಿಲ್ಲ. ಎರಡನೇ ಮುದ್ದೆ ಬಡಿಸಿದಾಗ ಪಿಳ್ಳಮ್ಮ ಸೌಟು ಹಿಡಿದು ನಿಂತು, "ಇದುಕ್ಕೂ ಒಂದ್ ಕಿತ ಮಾಡಪ್ಪಾ" ಎನ್ನುತ್ತಿದ್ದಳು. ಒಂದು ಊಟಕ್ಕೆ ಒಂದೇ ಸಲ ಸಾಕು ಎಂದರೆ ಕೇಳುತ್ತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ನಾನು ಮುದ್ದೆಗೊಂದು ಪ್ರಾರ್ಥನೆಯಂತೆ ಮಾಡಿದ್ದೇನೆ.

ಮುನಿರಾಜ ಮಾತ್ರ ನನ್ನನ್ನು ಗೋಳು ಹೊಯ್ದುಕೊಳ್ಳುವುದನ್ನು ಬಿಡಲಿಲ್ಲ. ಒಮ್ಮೆ ಇಬ್ಬರೂ ಮಾಕಳಿದುರ್ಗದ ಮೇಲೆ ಹತ್ತಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ನಾನು ಕಣ್ಣು ಮುಚ್ಚಿದೆ, ಬಿಡುವಷ್ಟರಲ್ಲಿ ಡಬ್ಬಿ ಕೋತಿಯ ಕೈಯಲ್ಲಿತ್ತು. "ನೀನ್ಯಾಕೋ ಓಡಿಸಲಿಲ್ಲ?" ಎಂದು ರೇಗಿದರೆ, "ನೀನು ನಿಮ್ ದೇವ್ರತ್ರ ಮಾತಾಡ್ತಿದ್ದೆ. ನಮ್ ಆಂಜನೇಯ ಬಂದು ಪಾರ್ಸಲ್ ತಗೊಂಡೋದ. ದೇವ್ರು ದೇವ್ರ ವ್ಯವಹಾರ, ನಂಗ್ಯಾಕ್ಲಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಳಗಿಳಿಯುವ ತನಕ ನಾನು ಅವನೊಂದಿಗೆ ಮಾತು ಬಿಟ್ಟೆ.

ಅವನು ದೊಡ್ಡವನಾದ ಮೇಲೆ ದ್ರಾಕ್ಷಿ ಹಾಕಿದ. ನಾನು ಊರು ಬಿಟ್ಟು ಪೇಟೆ ಸೇರಿದ್ದೆ. ಕೊಯ್ಲು ಶುರುವಾದ ದಿನ ಒಂದು ಬುಟ್ಟಿ ಕಪ್ಪು ದ್ರಾಕ್ಷಿ ಗಾಡಿಯ ಹಿಂದೆ ಕಟ್ಟಿಕೊಂಡು ನಮ್ಮ ಮನೆಗೆ ಬರುತ್ತಿದ್ದ. ನನ್ನ ಹೆಂಡತಿ ಸುಗುಣ ಅದನ್ನು ಕಿವುಚಿ, ಕಾಯಿಸಿ, ಸೋಸಿ ರಸ ಮಾಡುತ್ತಿದ್ದಳು. ನಮ್ಮ ಚರ್ಚಿನಲ್ಲಿ ಕರ್ತನ ಭೋಜನಕ್ಕೆ ಪುಟ್ಟ ಲೋಟಗಳಲ್ಲಿ ಕೊಡುತ್ತಿದ್ದ ದ್ರಾಕ್ಷಾರಸ ಅದೇ. "ಮೊದಲ್ನೇ ಕೊಯ್ಲು ನಿಮ್ ದೇವ್ರಿಗೆ. ನಮ್ಮೋನಿಗೆ ಎರಡನೇದು ಕೊಡ್ತೀನಿ. ಅವ್ನು ಬೇಜಾರ್ ಮಾಡ್ಕಳಲ್ಲ, ಮನೆಯವ್ನು," ಎನ್ನುತ್ತಿದ್ದ. ನಾನು ಅದನ್ನು ಕುಡಿಯುವಾಗ ರಕ್ಷಕನ ರಕ್ತವನ್ನು ನೆನೆಯಬೇಕು, ಅಯ್ಯನವರು ಹಾಗೆಂದೇ ಹೇಳಿ ಕೊಡುತ್ತಾರೆ. ನೆನೆಯುತ್ತಲೂ ಇದ್ದೆ. ಅದರ ಜೊತೆಗೆ ಮುನಿರಾಜನ ಹರಿದ ಬನಿಯನ್ನೂ ನೆನಪಾಗುತ್ತಿತ್ತು. ಇದು ಪಾಪವೋ ಏನೋ, ದೇವರಿಗೇ ಬಿಟ್ಟಿದ್ದೇನೆ.

ಅವನಿಗೆ ಕಾಯಿಲೆ ಬಂತು. ಅನ್ನನಾಳದಲ್ಲಿ ಗಡ್ಡೆ. ಮೊದಮೊದಲು ಮುದ್ದೆ ಇಳಿಯುವುದಿಲ್ಲ ಎಂದ. ನಾವೆಲ್ಲ ನಕ್ಕೆವು, ಮುದ್ದೆ ಇಳಿಯದ ಗಂಟಲು ನಮ್ಮ ಕಡೆ ಉಂಟೇ ಎಂದು. ಆಮೇಲೆ ಅನ್ನ ಇಳಿಯಲಿಲ್ಲ, ಆಮೇಲೆ ಗಂಜಿಯೂ ಇಳಿಯಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಏನೇನೋ ಮಾಡಿ, ಕಡೆಗೆ ಮೂಗಿನಿಂದ ಒಂದು ಪೈಪು ಹೊಟ್ಟೆಗೆ ಬಿಟ್ಟು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ದಿನಕ್ಕೆ ಕೆಲವು ಸಲ ರಾಗಿ ಗಂಜಿಯನ್ನು ತೆಳುವಾಗಿ ಸೋಸಿ, ಪೈಪಿನ ಬಾಯಿಗೆ ಸುರಿಯಬೇಕು. ನಾಲಗೆಗೆ ಏನೂ ತಾಗುವುದಿಲ್ಲ. ದನಿ ಹೋಗಿ ಬರೀ ಪಿಸುಮಾತು ಉಳಿದಿತ್ತು.

ನಮ್ಮ ಅಯ್ಯನವರು ಈಗಿನವರು, ಹುಡುಗರು, ಒಳ್ಳೆಯವರೇ. ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು, "ಎಲ್ಲದರಲ್ಲೂ ದೇವರ ಯೋಜನೆ ಇರುತ್ತದೆ ಅಂಕಲ್," ಎಂದರು. "ಆ ಯೋಜನೆ ಮಾಡುವಾಗ ಒಂದು ಮಾತು ಕೇಳಬೇಕಿತ್ತು ಅಯ್ಯನವರೇ. ಉಣ್ಣುವುದೊಂದೇ ಸಂತೋಷ ಇದ್ದ ಮನುಷ್ಯನಿಗೆ ಗಂಟಲೇ ಬೇಕಾಯ್ತಾ?" ಎಂದುಬಿಟ್ಟೆ. ಸುಗುಣ ದಾರಿಯುದ್ದಕ್ಕೂ ನನ್ನನ್ನು ಬೈದಳು, ಮನೆಗೆ ಬಂದು ಬಾಗಿಲು ಹಾಕಿಕೊಂಡು ತಾನೇ ಅತ್ತಳು.

ವಾರಕ್ಕೆರಡು ಸಲವಾದರೂ ನಾನು ಹಳ್ಳಿಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಬಸ್ಸಿಳಿದು ತೋಟದ ಕಡೆಯಿಂದ ಬಂದೆ. ಪಂಪ್‌ಹೌಸಿನ ಹಿಂದೆ ಹೊಗೆ ಕಂಡಿತು. ಹೋಗಿ ನೋಡಿದರೆ ಮುನಿರಾಜನ ಹೆಂಡತಿ ರತ್ನಮ್ಮ ಮೂರು ಕಲ್ಲಿಟ್ಟು ಅಡುಗೆ ಮಾಡಿದ್ದಾಳೆ. ಅವಳು, ಮಗ ಮಹೇಶ, ಸೊಸೆ, ಮೂವರೂ ನಿಂತುಕೊಂಡೇ ಗಬಗಬನೆ ಉಣ್ಣುತ್ತಿದ್ದಾರೆ. ನನ್ನನ್ನು ಕಂಡು ಕಳ್ಳರ ಹಾಗೆ ಬೆಚ್ಚಿದರು.

"ಒಳಗೆ ಹೇಳ್ಬೇಡಿ ಅಣ್ಣ," ಎಂದಳು ರತ್ನಮ್ಮ. "ಅವ್ರು ಉಣ್ಣಂಗಿಲ್ಲ. ಒಗ್ಗರಣೆ ವಾಸ್ನೆ ಅವ್ರ ಮೂಗಿಗೆ ಹೊಡುದ್ರೆ ಜೀವ ಎಷ್ಟು ಒದ್ದಾಡ್ಬೇಕು? ಅದುಕ್ಕೆ ಮನೇಲಿ ಒಲೆನೇ ಹಚ್ತಿಲ್ಲ. ಇಲ್ಲೇ ಎರಡು ತುತ್ತು ಉಂಡು, ಬಾಯಿ ಮುಕ್ಕಳಿಸ್ಕೊಂಡು ಒಳಕ್ಕೋಯ್ತೀವಿ."

ನನಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ಅಷ್ಟು ಪ್ರೀತಿ ಅದು. ಆದರೆ ಒಳಗೆ ಹೋಗಿ ಮಂಚದ ಪಕ್ಕ ಕೂತಾಗ ನನಗೆ ಕಂಡದ್ದೇ ಬೇರೆ.

"ಊಟ ಆಯ್ತೇನ್ಲಾ?" ಎಂದ ಮುನಿರಾಜ. ನಮ್ಮ ಕಡೆ ಯಾರು ಸಿಕ್ಕರೂ ಮೊದಲು ಕೇಳುವುದು ಇದನ್ನೇ. ನನಗೆ ಆಯ್ತು ಎನ್ನಲೂ ಬಾಯಿ ಬರಲಿಲ್ಲ, ಇಲ್ಲ ಎನ್ನಲೂ ಬರಲಿಲ್ಲ. "ಹಸಿವಿಲ್ಲ," ಎಂದೆ.

ಅವನು ಚಾವಣಿ ನೋಡಿದ. "ಈ ಮನೇಲಿ ಯಾರಿಗೂ ಹಸಿವಿಲ್ಲ ನೋಡು. ಹೆಂಡ್ರಿಗಿಲ್ಲ, ಮಗನಿಗಿಲ್ಲ. ಈಗ ನಿಂಗೂ ಇಲ್ಲ. ಮುದ್ದೆಗೊಂದು ಪ್ರಾರ್ಥ್ನೆ ಮಾಡ್ತಿದ್ದೋನಿಗೆ." ಉಸಿರು ಸಾಲದೆ ನಿಲ್ಲಿಸಿ, ಮತ್ತೆ ನನ್ನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡ. "ಒಲೆ ಹಚ್ಚದೇ ಇರೋದು ಸಾವಿನ ಮನೇಲಿ. ನಾನಿನ್ನೂ ಸತ್ತಿಲ್ಲ ಕಣ್ಲಾ ಸಾಮು. ಉಣ್ಣಕ್ಕಾಗ್ದೇ ಇರೋದು ದೊಡ್ಡದಲ್ಲ. ಉಣ್ಣೋರ ಜೊತೆ ನನ್ನ ಕೂರ್ಸಲ್ಲ ಅಂತಾರಲ್ಲ, ಅದು ತಡಿಯಕ್ಕಾಗಲ್ಲ. ಇನ್ನು ಎಷ್ಟು ದಿನ ಇರ್ತೀನೋ, ಅಷ್ಟು ದಿನ ನನ್ ಮನೇಲಿ ಒಲೆ ಉರೀಬೇಕು. ನೀನು ಹೇಳು ಅವ್ರಿಗೆ."

ನಾನು ಹೇಳಿದೆ. ರತ್ನಮ್ಮ ನನ್ನ ಮೇಲೆ ಹರಿಹಾಯ್ದಳು. "ನಿಮಗೇನು ಕರುಳಿಲ್ವಾ ಅಣ್ಣ? ಅವ್ರು ಮೂಗಿಗೆ ಪೈಪ್ ಹಾಕ್ಕೊಂಡು ಮಲಗಿರ್ಬೇಕಾದ್ರೆ ಮುಂದೆ ಕೂತು ಸಾರು ಸೊರಸೊರ ಅಂತ ಉಣ್ಣಕ್ಕೆ ನಿಮ್ ಕೈಲಾಗ್ತದಾ? ಆಗೋದಾದ್ರೆ ನೀವೇ ಉಣ್ಣಿ. ನನ್ ಕೈಲಾಗಲ್ಲ." ಇಷ್ಟು ವರ್ಷದಲ್ಲಿ ಅವಳು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು.

ಸರಿ, ನಾನೇ ಎಂದುಕೊಂಡೆ. ಮರುದಿನ ಸುಗುಣನ ಕೈಯಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು ಮಾಡಿಸಿಕೊಂಡು ಕ್ಯಾರಿಯರ್ ಹಿಡಿದು ಬಸ್ಸು ಹತ್ತಿದೆ. ದಾರಿಯಲ್ಲಿ ಇಳಿದು ವಾಪಸ್ಸು ಬಂದುಬಿಡೋಣ ಎಂದು ಎಷ್ಟು ಸಲ ಅನ್ನಿಸಿತೋ. ಮಂಚದ ಪಕ್ಕ ಸ್ಟೂಲು ಹಾಕಿ ಡಬ್ಬಿ ಬಿಚ್ಚಿದೆ. ಬೆಳ್ಳುಳ್ಳಿ ವಾಸನೆ ಕೋಣೆ ತುಂಬಿತು. ಅವನು ಮೂಗು ಅರಳಿಸಿ ಎಳೆದುಕೊಂಡ. ನಾನು ಬೇಗ ಮುಗಿದುಹೋಗಲಿ ಎಂದು ಮುದ್ದೆಗೆ ನೇರ ಕೈ ಹಾಕಿದೆ.

ಅವನು ನನ್ನ ಮಣಿಕಟ್ಟು ಹಿಡಿದ. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಇತ್ತು. "ಲೇ, ಕಣ್ ಮುಚ್ಚೋ."

"ಬೇಡ ಕಣೋ."

"ನಮ್ಮವ್ವನ ಕಾನೂನು. ನೀನು ಕಣ್ ಮುಚ್ಚಿ ಬಿಡೋ ಗಂಟ ಯಾರೂ ಕೈ ಹಾಕಂಗಿಲ್ಲ. ಮುಚ್ಚು."

ಮುಚ್ಚಿದೆ. 'ನೀನು ಕೊಟ್ಟ ಈ ಆಹಾರಕ್ಕಾಗಿ ಸ್ತೋತ್ರ' ಎನ್ನಬೇಕು. ಮಾತು ಬಾಯಿಪಾಠ, ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತದೆ. ಅವತ್ತು ಬರಲಿಲ್ಲ. ನನಗೆ ಕೊಟ್ಟೆ, ಇವನಿಗೆ ಯಾಕೆ ಕಿತ್ತುಕೊಂಡೆ ಎನ್ನುವ ಮಾತು ಮಾತ್ರ ಬರುತ್ತಿತ್ತು. ಉಣ್ಣಲಾರದವನ ಮುಂದೆ ಕೂತು ಉಣ್ಣುವುದಕ್ಕಾಗಿ ಧನ್ಯವಾದ ಹೇಳುವವನು ಎಂಥ ಮನುಷ್ಯ? "ಕರ್ತನೇ" ಎಂದೆ, ಅಲ್ಲಿಗೇ ನಿಂತಿತು.

"ಅಷ್ಟೇನಾ?" ಎಂದ ಅವನು. "ಯಾಕೆ, ಸಾರು ಚೆನ್ನಾಗಿಲ್ವಾ?"

ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಮೂಗು ಸೋರಿತು. ಅವನೂ ನಕ್ಕ, ಕೆಮ್ಮಿದ, ಪೈಪು ಅಲುಗಾಡಿತು. "ನಿಮ್ಮಪ್ಪ ಆಗಿದ್ರೆ ಇಷ್ಟೊತ್ಗೆ ಸರ್ಕಾರದ ತನಕ ಹೋಗಿರೋರು," ಎಂದ. ಆಮೇಲೆ ಉಣ್ಣತೊಡಗಿದೆ. ಅವನು ಪಕ್ಕದಲ್ಲಿ ಮಲಗಿ ಯಜಮಾನಿಕೆ ಮಾಡಿದ. ಯಾವ ಸೊಪ್ಪು? ದಂಟೋ, ಕೀರೆಯೋ? ಉಪ್ಪು ಸರಿಯಾಗಿದೆಯೋ? ಮುದ್ದೆ ಗಂಟುಗಂಟಾಗಿದೆಯೋ? ಮೆಣಸಿನಕಾಯಿ ನಂಚಿಕೊಳ್ಳದೆ ಉಣ್ಣುತ್ತೀಯಲ್ಲ, ನೀನೊಬ್ಬ ಮನುಷ್ಯನಾ? ನಾನು ಪ್ರತಿ ತುತ್ತಿಗೂ ವರದಿ ಒಪ್ಪಿಸಿದೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ನಾನು ಯಾವ ಊಟವನ್ನೂ ಉಂಡಿಲ್ಲ. ಅದು ಅಷ್ಟು ರುಚಿಯಾಗಿತ್ತು ಎನ್ನುವುದನ್ನೂ ಹೇಳಲೇಬೇಕು.

ಹಾಗೆ ಕೆಲವು ದಿನ ನಡೆಯಿತು. ನಾನು ಡಬ್ಬಿ ತರುವುದು, ಅವನು ಕಣ್ಣು ಮುಚ್ಚಿಸುವುದು, ನಾನು "ಕರ್ತನೇ" ಎಂದು ನಿಲ್ಲುವುದು, ಅವನು ಗೇಲಿ ಮಾಡುವುದು. ರತ್ನಮ್ಮ ನನ್ನ ಮುಖ ನೋಡುತ್ತಿರಲಿಲ್ಲ. ಆದರೆ ಬಾಗಿಲ ಹೊರಗೆ ಅವಳ ಬಳೆ ಸದ್ದು ಕೇಳುತ್ತಿತ್ತು. ಒಂದು ದಿನ ನಾವು ಯಾವುದಕ್ಕೋ ನಗುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡಿದಳು. ಅವಳು ಅವನನ್ನು ಗಂಜಿ ಸುರಿಯುವಾಗ, ಪೈಪು ತೊಳೆಯುವಾಗ, ಮಗ್ಗುಲು ಹೊರಳಿಸುವಾಗ ನೋಡುತ್ತಿದ್ದಳು. ನಗುವಾಗ ನೋಡಿ ಎಷ್ಟು ಕಾಲವಾಗಿತ್ತೋ. ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಸಾಸಿವೆ ಸಿಡಿಯುವ ಸದ್ದು ಬಂತು. ಹಿಂದೆಯೇ ಕರಿಬೇವು, ಒಣಮೆಣಸಿನಕಾಯಿ ಘಾಟು. ಮುನಿರಾಜ ಮಾತಾಡುತ್ತಿದ್ದವನು ನಿಲ್ಲಿಸಿದ. ಕಣ್ಣು ಮುಚ್ಚಿದ. ಅವನ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಗೆ ಹೋಯಿತು, ನಾನು ಟವೆಲಿನಿಂದ ಒರೆಸಿದೆ.

ರತ್ನಮ್ಮ ತನ್ನ ತಟ್ಟೆ ತಂದು ನೆಲದ ಮೇಲೆ ಕೂತಳು. ಹಿಂದೆ ಮಹೇಶ, ಸೊಸೆ. ಗಂಜಿಯ ಪಾತ್ರೆಯೂ ಬಂತು, ಅವನಿಗೂ ಅದೇ ಹೊತ್ತಿಗೆ ಸುರಿಯೋಣವೆಂದು. ಎಲ್ಲರೂ ನನ್ನ ಕಡೆ ನೋಡಿದರು. ಅವತ್ತು ನನಗೆ ಪ್ರಾರ್ಥನೆ ಬಂತು. ಊಟಕ್ಕಾಗಿ ಅಲ್ಲ. "ಕರ್ತನೇ, ಇವನು ಇವತ್ತು ನಮ್ಮ ಜೊತೆ ಕೂತಿದ್ದಾನೆ. ಸ್ತೋತ್ರ," ಎಂದೆ. ಇಷ್ಟು ವರ್ಷ ನಾನು ದೇವರಿಗೆ ಅನ್ನದ ಲೆಕ್ಕ ಒಪ್ಪಿಸುತ್ತಿದ್ದೆ. ಎದುರಿಗೆ ಕೂತು ಉಣ್ಣುತ್ತಿದ್ದವರಿಗಾಗಿ ಒಂದು ದಿನವೂ ಥ್ಯಾಂಕ್ಸ್ ಹೇಳಿರಲಿಲ್ಲ, ಅದು ಹೊಳೆದೂ ಇರಲಿಲ್ಲ. ಮುನಿರಾಜ ನಗಲಿಲ್ಲ, ಗೇಲಿ ಮಾಡಲಿಲ್ಲ. "ಹ್ಞೂಂ, ಉಣ್ರೀಗ," ಎಂದ.

ಆಮೇಲಿನ ದಿನಗಳಲ್ಲಿ ಆ ಕೋಣೆಯೇ ಊಟದ ಮನೆಯಾಯಿತು. ಸೊಸೆ ಪಲ್ಯ ಸೀಸಿದರೆ ಮಂಚದ ಮೇಲಿಂದ ತೀರ್ಪು ಬರುತ್ತಿತ್ತು. ರತ್ನಮ್ಮ ಉಣ್ಣುತ್ತ ಉಣ್ಣುತ್ತ ಅಳುವಳು, ಅಳುತ್ತ ಅಳುತ್ತ ಇನ್ನೊಂದು ತುತ್ತು ಇಡುವಳು. ದೇವರಲ್ಲಿ ನಾನು ಬೇಡಿದ್ದು ಅವನು ಬದುಕಲಿ ಎಂದು. ಅದು ನಡೆಯಲಿಲ್ಲ. ಒಂದು ವಾರ ಪೈಪಿನಲ್ಲಿ ಹಾಕಿದ್ದೆಲ್ಲ ವಾಪಸ್ಸು ಬರತೊಡಗಿತು, ಗಂಜಿ ನಿಲ್ಲಿಸಿದರು. ಆಗಲೂ ಅವನು ಕೈಸನ್ನೆಯಲ್ಲಿ ನಮ್ಮನ್ನು ಕೂರಿಸಿ ಉಣ್ಣಿಸಿದ. ಕಡೆಯ ದಿನ ಬೆಳಿಗ್ಗೆ, ಒಲೆಯ ಮೇಲೆ ರತ್ನಮ್ಮ ಎಸರಿಟ್ಟಿದ್ದಾಗ, ಹೋದ. ಅವಳೇ ಎದ್ದು ಹೋಗಿ ನೀರು ಚಿಮುಕಿಸಿ ಒಲೆ ಆರಿಸಿದಳು.

ತೋಟದ ಬದಿಯಲ್ಲೇ ಮಣ್ಣು ಮಾಡಿದರು. ನಾನು ಒಂದು ಹಿಡಿ ಮಣ್ಣು ಹಾಕಿದೆ. ಮನಸ್ಸಿನಲ್ಲಿ ಒಂದು ಕೀರ್ತನೆಯಾದರೂ ಹಾಡಿಕೊಳ್ಳೋಣವೆಂದರೆ ಒಂದು ಸಾಲೂ ನೆನಪಿಗೆ ಬರಲಿಲ್ಲ. ಎಲ್ಲರೂ ಸ್ನಾನ ಮಾಡಿ, ದೀಪ ನೋಡಿ, ನಡುಮನೆಯಲ್ಲಿ ಕೂತರು.

ಸಾವಿನ ಮನೆಗೆ ಅಡುಗೆ ಹೊರಗಿಂದ ಬರಬೇಕು. ಹೆಚ್ಚಾಗಿ ಬೀಗರ ಮನೆಯಿಂದ, ಇಲ್ಲವೇ ಹತ್ತಿರದ ನೆಂಟರ ಮನೆಯಿಂದ. ಬೀಗರು ಅಡುಗೆ ತರಿಸಲು ಹೊರಡುವ ಸನ್ನಾಹದಲ್ಲಿದ್ದರು. ಆಗ ರತ್ನಮ್ಮ ಮೂಲೆಯಲ್ಲಿ ಕೂತಿದ್ದವಳು, "ಸಾಮಣ್ಣನ ಮನೆಯಿಂದ ಬರ್ಲಿ," ಎಂದಳು. ಮುದುಕರೊಬ್ಬರು, "ಅಲ್ಲ ಕಣಮ್ಮ, ಅವ್ರು ನಮ್ಮೋರಲ್ವಲ್ಲ," ಎಂದು ಮೆಲ್ಲಗೆ ರಾಗ ತೆಗೆದರು. ಅವಳು ತಲೆ ಎತ್ತಿ ನೋಡಲೂ ಇಲ್ಲ. "ನಿಮ್ಮೋರಲ್ದೇ ಇರ್ಬೋದು," ಎಂದಳು ಅಷ್ಟೇ. ನಾನು ಸುಗುಣನಿಗೆ ಫೋನ್ ಮಾಡಿದೆ. ಏನು ಮಾಡಲಿ ಎಂದು ಕೇಳಿದಳು. ಅನ್ನ, ತಿಳಿಸಾರು ಎಂದೆ. ಅವಳು ಎರಡು ದೊಡ್ಡ ಪಾತ್ರೆಗಳನ್ನು ಆಟೋದಲ್ಲಿಟ್ಟುಕೊಂಡು, ಜರುಗದಂತೆ ಕಾಲಲ್ಲಿ ಒತ್ತಿ ಹಿಡಿದುಕೊಂಡು ಬಂದಳು.

ಎಲೆ ಹಾಕಿದರು, ಬಡಿಸಿದರು. ನನ್ನ ಅನ್ನ ಉಣ್ಣುತ್ತಾರೋ ಇಲ್ಲವೋ ಎಂಬ ಭಯ ನನಗಿತ್ತು. ಬೀಗರು, ಆ ಮುದುಕರು, ಎಲ್ಲರೂ ಕೂತರು. ಆದರೆ ಯಾರೂ ಕೈ ಹಾಕಲಿಲ್ಲ. ಮೈಲಿಗೆಯ ಯೋಚನೆಯಿಂದ ಹಿಂದೆಗೆದಿದ್ದಾರೆ ಎಂದುಕೊಂಡೆ. ಮಹೇಶ ನನ್ನನ್ನೇ ನೋಡುತ್ತಿದ್ದ. ಸೊಸೆಯೂ. ಆಗ ತಿಳಿಯಿತು, ಇವರು ಕಾಯುತ್ತಿರುವುದು ನನ್ನನ್ನು.

ಕಣ್ಣು ಮುಚ್ಚಿದೆ. ಕರ್ತನೇ ಎನ್ನುವುದೂ ಬರಲಿಲ್ಲ. ನನಗೆ ದೇವರ ಮೇಲೆ ಸಿಟ್ಟಿತ್ತೋ, ಸಂಕಟವಿತ್ತೋ, ಒಂದೂ ಬಿಡಿಸಿ ಹೇಳಲಾರೆ. ಎಲೆಯ ಮೇಲೆ ಸಾರು ಆರುತ್ತಿತ್ತು. ಕಣ್ಣು ಬಿಟ್ಟರೆ ಪ್ರಾರ್ಥನೆ ಮುಗಿಯಿತೆಂದು ಅವರು ಉಣ್ಣುತ್ತಾರೆ, ಹಾಗೆ ಮೋಸ ಮಾಡಲೂ ಮನಸ್ಸಾಗಲಿಲ್ಲ. ಹಾಗೇ ಕೂತೆ.

ಮೂಲೆಯಿಂದ ರತ್ನಮ್ಮನ ದನಿ ಬಂತು.

"ಸ್ವಾಮಿ. ನಾನು ರತ್ನಮ್ಮ, ಮುನಿರಾಜನ ಹೆಂಡ್ರು. ಸಾಮಣ್ಣನಿಗೆ ಇವತ್ತು ಆಗ್ತಾ ಇಲ್ಲ, ಅದುಕ್ಕೆ ನಾನು ಹೇಳ್ತಿವ್ನಿ. ನಿನ್ ಮೇಲೆ ನಂಗೆ ಕೋಪ ಐತೆ. ಅದುನ್ನ ಇನ್ನೊಂದಿನ ಮಾತಾಡ್ತೀನಿ. ಮಕ್ಳು ಬೆಳಿಗ್ಗೆಯಿಂದ ಏನೂ ಉಂಡಿಲ್ಲ. ನೀನು ಅನ್ನ ಕೊಟ್ಟಿದ್ದೀಯ, ಕೊಟ್ಟಿದ್ದುನ್ನ ಇಲ್ಲ ಅನ್ನಕ್ಕಾಗಲ್ಲ, ಉಣ್ತೀವಿ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ್ರುನ್ನ ನಾವು ಹಸಿದ್ ಹೊಟ್ಟೇಲಿ ಕಳಿಸ್ಬುಟ್ಟಿದ್ದೀವಿ. ಅಲ್ಲಿಗೆ ಬಂದಿರ್ತಾರೆ. ಮೊದ್ಲು ಅವ್ರಿಗೆ ಬಡ್ಸು."

ಸುಗುಣ ಸೌಟು ಹಿಡಿದುಕೊಂಡೇ ಅಳುತ್ತಿದ್ದಳು.

"ಕಡೆಗೊಂದ್ ಮಾತು ಅಂತೀರಲ್ಲ ಅಣ್ಣ, ಅದು ನಂಗೆ ಬರಲ್ಲ. ಅದೊಂದು ನೀವು ಹೇಳಿ," ಎಂದಳು ರತ್ನಮ್ಮ.

"ಆಮೆನ್," ಎಂದೆ. ಎಲ್ಲರೂ ಅನ್ನಕ್ಕೆ ಕೈ ಹಾಕಿದರು.